ಹಾಡು ಕೇಳ್ತಾ ಓದಿದ್ರೆ ಮಾರ್ಕ್ಸ್ ಬರುತ್ತಾ? ಅಳೆಯಲು ಕಟ್ಟಿದ ಪೆಟ್ಟಿಗೆಯ ಲಾಗ್

ಎಂಟು ಜನಕ್ಕೆ ಒಂದೇ ಹೊತ್ತಿಗೆ ಒಂದೇ ಸದ್ದು ಕೇಳಿಸಬೇಕು, ಎಲ್ಲರಿಗೂ ಅಷ್ಟೇ ಜೋರಾಗಿ. ಎದುರಿನ ಬೋರ್ಡಿನಲ್ಲಿ ಸೆಕೆಂಡಿಗೊಂದು ಅಂಕಿ ಹೊತ್ತಿ ಆರಬೇಕು. ಎಂಟು ಅಂಕಿ ಮುಗಿದ ಮೇಲೆ ಸ್ವಲ್ಪ ಕಾದು, ಅದೇ ಕ್ರಮದಲ್ಲಿ ಹಾಳೆಯ ಮೇಲೆ ಬರೆಯಬೇಕು. ನಾನು ಕಟ್ಟಿದ ಪೆಟ್ಟಿಗೆಯ ಕೆಲಸ ಇಷ್ಟೇ. ಕೇಳಲು ಸಲೀಸು. ಆದರೆ ಇದರಲ್ಲಿ ಎಲೆಕ್ಟ್ರಾನಿಕ್ಸ್ ಎಲ್ಲಿ ಮುಗಿದು ಮನಶ್ಶಾಸ್ತ್ರ ಎಲ್ಲಿ ಶುರುವಾಗುತ್ತದೆ ಅಂತ ಗೆರೆ ಎಳೆಯೋದು ಕಷ್ಟ. ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ಒಂದು ಗ್ರೌಂಡ್ ವೈರ್ ತೆಳ್ಳಗಿದ್ದರೆ ಸಾಕು, ಪ್ರಯೋಗದ ಉತ್ತರವೇ ತಿರುಗಿಬಿಡಬಹುದು. ಅದು ಹೇಗೆ ಅಂತ ಮುಂದೆ ಬರುತ್ತದೆ.

ಶಿವಮೊಗ್ಗದಲ್ಲಿ ಪಿಯು ಓದುತ್ತಿರುವ ನಮ್ಮ ಅಕ್ಕನ ಮಗಳಿಗೆ ಮನಶ್ಶಾಸ್ತ್ರದ ಪ್ರಾಜೆಕ್ಟ್ ಇತ್ತು. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಓದೋದು. ಅಕ್ಕನಿಗೆ ಅದು ಕಂಡರಾಗದು. 'ಮಾವ, ಹಾಡಿದ್ರೇನೇ ನಂಗೆ ಓದೋಕಾಗೋದು, ಅಮ್ಮಂಗೆ ಪ್ರೂವ್ ಮಾಡಿ ತೋರಿಸ್ಬೇಕು' ಅಂದಳು. ಪ್ರೂವ್ ಮಾಡಲೇಬೇಕು ಅಂತ ಹೊರಟರೆ ಅದು ಪ್ರಯೋಗ ಆಗಲ್ಲ, ವಕಾಲತ್ತು ಆಗುತ್ತದೆ. ಅಳೆದು ನೋಡೋಣ, ಏನು ಬರುತ್ತೋ ಬರಲಿ, ಅಮ್ಮನೇ ಗೆದ್ದರೂ ಒಪ್ಪಿಕೋಬೇಕು ಅಂದೆ. ಒಪ್ಪಿದಳು.

ಅವಳ ಮೊದಲ ಯೋಜನೆ ಒಂದು ಗೂಗಲ್ ಫಾರ್ಮ್. 'ಓದುವಾಗ ಹಾಡು ಕೇಳುತ್ತೀರಾ? ಕಳೆದ ಪರೀಕ್ಷೆಯಲ್ಲಿ ಎಷ್ಟು ಬಂತು?' ಅಂತ ಗೆಳತಿಯರಿಗೆಲ್ಲ ಕಳಿಸೋದು. ಇದರಿಂದ ಏನೂ ಗೊತ್ತಾಗಲ್ಲ. ಹಾಡು ಕೇಳುವವರು ಯಾರು, ಕೇಳದವರು ಯಾರು? ಮನೆಯಲ್ಲಿ ಸ್ವಂತ ರೂಮು ಇರುವವರು, ಒಳ್ಳೆ ಫೋನ್ ಇರುವವರು, ಟ್ಯೂಷನ್‌ಗೆ ಹೋಗುವವರು, ಪಕ್ಕದ ಕೋಣೆಯ ಟಿವಿ ತಡೆಯಲಾರದೆ ಹಾಡು ಹಾಕಿಕೊಂಡವರು ಎಲ್ಲ ಕಲಸುಮೇಲೋಗರ. ಹಾಡಿನಿಂದ ಮಾರ್ಕ್ಸ್ ಬಂತೋ, ಚೆನ್ನಾಗಿ ಓದುವವರೇ ಹಾಡು ಕೇಳುತ್ತಾರೋ ಅಂತ ಬಿಡಿಸೋಕೆ ದಾರಿಯೇ ಇಲ್ಲ. ಅದೇ ಮನುಷ್ಯನನ್ನು ಹಾಡಿನ ಜೊತೆಗೂ ಹಾಡಿಲ್ಲದೆಯೂ ಕೂರಿಸಿ, ಅವನನ್ನು ಅವನ ಜೊತೆಗೇ ಹೋಲಿಸಬೇಕು. ಅದಕ್ಕೆ ಪೆಟ್ಟಿಗೆ ಬೇಕು.

ಗುಜರಿಯಿಂದ ಬಂದ ಲ್ಯಾಂಗ್ವೇಜ್ ಲ್ಯಾಬ್

ಶಿವಮೊಗ್ಗದ ಒಂದು ಗುಜರಿ ಅಂಗಡಿಯಲ್ಲಿ ಹಳೇ ಲ್ಯಾಂಗ್ವೇಜ್ ಲ್ಯಾಬಿನ ಡಬ್ಬ ಬಿದ್ದಿತ್ತು. ತಗಡಿನ ಪೆಟ್ಟಿಗೆ, ಮುಂದೆ ಸಾಲಾಗಿ ಎಂಟು ಹೆಡ್‌ಫೋನ್ ಸಾಕೆಟ್, ಒಂದು ವಾಲ್ಯೂಮ್ ನಾಬ್. ಇಂಗ್ಲಿಷ್ ಉಚ್ಚಾರಣೆ ಕಲಿಸಲು ಮೇಷ್ಟ್ರು ಕ್ಯಾಸೆಟ್ ಹಾಕಿ ಮಕ್ಕಳಿಗೆಲ್ಲ ಕೇಳಿಸುತ್ತಿದ್ದ ಕಾಲದ್ದು. ಒಳಗೆ ಒಂದು ಟಿಡಿಎ2003. ಕಾರ್ ಸ್ಟೀರಿಯೋ ಬಿಚ್ಚಿದವರಿಗೆಲ್ಲ ಪರಿಚಯ ಇರುವ ಐದು ಕಾಲಿನ ಆಂಪ್ಲಿಫೈಯರ್ ಐಸಿ. 8ರಿಂದ 18 ವೋಲ್ಟ್‌ವರೆಗೆ ಆರಾಮಾಗಿ ನಡೆಯುತ್ತದೆ. ನನಗೆ ಬೇಕಾದದ್ದೂ ಅದೇ.

ಮಲೆನಾಡಿನಲ್ಲಿ ಒಂದೆರಡು ಮಳೆಗಾಲ ಮುಚ್ಚಿಟ್ಟ ಪೆಟ್ಟಿಗೆ ಬಿಚ್ಚಿದರೆ ಏನಿರುತ್ತದೆ ಅಂತ ಇಲ್ಲಿನ ರಿಪೇರಿಯವರಿಗೆ ಹೇಳಬೇಕಿಲ್ಲ. ಸಾಕೆಟ್ಟುಗಳಲ್ಲಿ ಹಸಿರು ಕಿಲುಬು, ಬೋರ್ಡಿನ ಮೇಲೆ ಬೂಷ್ಟು, ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಸಿಪ್ಪೆ. ಪವರ್ ಸಪ್ಲೈನ 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ತಲೆ ಉಬ್ಬಿತ್ತು. ವಾಲ್ಯೂಮ್ ಪಾಟ್ ತಿರುಗಿಸಿದರೆ ಕರಕರ. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ, ಬಿಸಿಲು ಇಲ್ಲದ್ದರಿಂದ ಹೇರ್ ಡ್ರೈಯರ್ ಹಿಡಿದು ಒಣಗಿಸಿದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೆಲ್ಲ ಒಂದೂ ಬಿಡದೆ ಬದಲಿಸಿದೆ. ಒಂದೊಂದನ್ನೇ ಪರೀಕ್ಷೆ ಮಾಡುತ್ತಾ ಕೂರುವ ಹೊತ್ತಿಗಿಂತ ಹೊಸದು ಹಾಕೋದು ಅಗ್ಗ. ಸಾಕೆಟ್ಟುಗಳನ್ನು ಉಳಿಸಿಕೊಳ್ಳುವ ಪ್ರಯತ್ನ ಮಾಡಲಿಲ್ಲ. ಎಂಟೂ ಕಿತ್ತು 3.5 ಎಂಎಂ ಹೊಸ ಸಾಕೆಟ್ ಕೂರಿಸಿದೆ.

ಔಟ್‌ಪುಟ್ಟಿನ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬಗ್ಗೆ ಮಾತ್ರ ನಿಂತು ಹೇಳಬೇಕು. ಒಂದೇ ಸಪ್ಲೈನಲ್ಲಿ ನಡೆಯುವ ಇಂಥ ಆಂಪ್ಲಿಫೈಯರಿನ ಔಟ್‌ಪುಟ್ ಕಾಲಿನಲ್ಲಿ ಸಪ್ಲೈನ ಅರ್ಧದಷ್ಟು ಡಿಸಿ ಸದಾ ನಿಂತಿರುತ್ತದೆ. ಅದನ್ನು ಹೆಡ್‌ಫೋನಿಗೆ ಹೋಗದಂತೆ ತಡೆಯೋದು ಈ ಕೆಪಾಸಿಟರ್ ಒಂದೇ. ಅದು ಸೋರಿದರೆ ಕಾಯಿಲ್ ಸುಡಬಹುದು, ಕಿವಿ ಮಕ್ಕಳದ್ದು. ಆದ್ದರಿಂದ ಹೊಸದು ಹಾಕಿದ ಮೇಲೂ ಪ್ರತಿ ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಇಟ್ಟು ಡಿಸಿ ನೋಡಿದೆ. ಕೆಲವು ಮಿಲಿವೋಲ್ಟ್ ಬಿಟ್ಟರೆ ಏನೂ ಇರಕೂಡದು.

ಮೂಲ ಪೆಟ್ಟಿಗೆಯಲ್ಲಿ 230 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇತ್ತು. ಕಿತ್ತೆಸೆದೆ. ಮಳೆಗಾಲದ ಥಂಡಿ ಹೀರಿ ಕೂತ ಹಳೇ ಟ್ರಾನ್ಸ್‌ಫಾರ್ಮರ್, ಅದರ ಇನ್ನೊಂದು ತುದಿಯಲ್ಲಿ ಎಂಟು ಮಕ್ಕಳ ತಲೆಗೆ ವೈರು. ಇದನ್ನು ಯಾರು ಸೇಫ್ ಅಂದರೂ ನಾನು ನಂಬಲ್ಲ. ಬದಲಿಗೆ ಯುಪಿಎಸ್‌ನಲ್ಲಿ ಬರುವ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ, ಪಾಸಿಟಿವ್ ವೈರಿನಲ್ಲಿ 1 ಆಂಪಿಯರ್ ಫ್ಯೂಸ್. 50 ಹರ್ಟ್ಸ್ ಗುಂಯ್ ಸದ್ದೂ ಹೋಯಿತು, ಅರ್ಧದಲ್ಲಿ ಕರೆಂಟ್ ಹೋಗುವ ಹೆದರಿಕೆಯೂ ಹೋಯಿತು. ನಮ್ಮ ಕಡೆ ಎರಡನೆಯದೇ ದೊಡ್ಡ ಲಾಭ.

ಎಂಟು ಕಿವಿಜೋಡಿಗೆ ಒಂದೇ ಅಳತೆ

ಬ್ಲೂಟೂತ್ ಯಾಕೆ ಬೇಡ ಅಂತ ಅವಳು ಕೇಳಿದಳು. ಒಬ್ಬೊಬ್ಬರ ಫೋನಿನ ವಾಲ್ಯೂಮ್ ಒಂದೊಂದು ಥರ, ಒಬ್ಬೊಬ್ಬರ ಇಯರ್‌ಬಡ್ ಒಂದೊಂದು ಥರ, ಮಧ್ಯದಲ್ಲಿ ವಾಟ್ಸಾಪ್ ಟಿಣ್ ಅನ್ನುತ್ತದೆ. ಎಲ್ಲರಿಗೂ ಒಂದೇ ಮಾದರಿಯ, ಕಿವಿ ಪೂರ್ತಿ ಮುಚ್ಚುವ 32 ಓಮ್‌ನ ಅಗ್ಗದ ವೈರ್ ಹೆಡ್‌ಫೋನ್ ತಂದೆವು.

ಪ್ರತಿ ಸಾಕೆಟ್ಟಿಗೂ ಎಡ ಬಲ ಎರಡನ್ನೂ ಸೇರಿಸಿ ಮೋನೋ ಮಾಡಿ, ಮುಂದೆ 220 ಓಮ್ ರೆಸಿಸ್ಟರ್ ಒಂದು. ಎರಡು 32 ಓಮ್ ಕಾಯಿಲ್ ಪ್ಯಾರಲಲ್ ಆದರೆ 16 ಓಮ್. ಅಂದರೆ ಸಾಕೆಟ್ಟಿಗೆ ಒಟ್ಟು 236 ಓಮ್. ಎಂಟೂ ಸೇರಿ ಆಂಪ್ಲಿಫೈಯರಿಗೆ ಕಾಣೋದು 30 ಓಮ್‌ಗೆ ಸ್ವಲ್ಪ ಕಡಿಮೆ, ಅದಕ್ಕೆ ಲೆಕ್ಕಕ್ಕೇ ಇಲ್ಲ. ಈ ರೆಸಿಸ್ಟರ್ ಮೂರು ಕೆಲಸ ಮಾಡುತ್ತದೆ. ಪ್ಲಗ್ ತೂರಿಸುವಾಗ ಕ್ಷಣಕಾಲ ಶಾರ್ಟ್ ಆಗುತ್ತದಲ್ಲ, ಆಗ ಐಸಿಗೆ ಏಟು ಬೀಳಲ್ಲ, ಪಕ್ಕದವನಿಗೆ ಸದ್ದೂ ನಿಲ್ಲಲ್ಲ. ಆಂಪ್ಲಿಫೈಯರಿನ ಸ್ವಂತ ಸುಯ್ ಸದ್ದು ಹದಿನೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೂರನೆಯದು, ಯಾರೋ ನಾಬ್ ಪೂರ್ತಿ ತಿರುಗಿಸಿದರೂ ಕಿವಿಗೆ ಹೋಗುವುದಕ್ಕೆ ಒಂದು ಮಿತಿ ಇರುತ್ತದೆ. ನಾಬನ್ನು ಆಮೇಲೆ ತೆಗೆದೇಬಿಟ್ಟೆ, ಮಟ್ಟ ಹೊಂದಿಸಿದ ಮೇಲೆ ಪಾಟಿನ ಕಡ್ಡಿಗೆ ಒಂದು ತೊಟ್ಟು ನೇಲ್ ಪಾಲಿಷ್.

ಹೊಸಬರು ಇಲ್ಲಿ ಪಿಎಎಂ8403 ಅನ್ನೋ ಚಿಕ್ಕ ಆಂಪ್ಲಿಫೈಯರ್ ಬೋರ್ಡ್ ಹಾಕೋಣ ಅಂತಾರೆ, ಅಗ್ಗಕ್ಕೆ ಸಿಗುತ್ತದೆ. ಹೆಡ್‌ಫೋನಿಗೆ ಅದು ಬೇಡ. ಅದರ ಔಟ್‌ಪುಟ್ ಬ್ರಿಡ್ಜ್ ಮಾದರಿ, ಸ್ಪೀಕರಿನ ಎರಡೂ ತುದಿ ಜೀವಂತ. ಹೆಡ್‌ಫೋನ್ ಪ್ಲಗ್ಗಿನಲ್ಲಿ ಎಡ ಬಲಕ್ಕೆ ಒಂದೇ ಗ್ರೌಂಡ್. ಸೇರಿಸಿದರೆ ಶಾರ್ಟ್.

ಮೆಮೊರಿ ಕಾರ್ಡಿನಿಂದ ಹಾಡು ನುಡಿಸಲು ಡಿಎಫ್‌ಪ್ಲೇಯರ್ ಮಿನಿ ಅನ್ನೋ ಪುಟ್ಟ ಬೋರ್ಡ್, ಅದಕ್ಕೆ ಹುಕುಂ ಕೊಡಲು ಪ್ರೋಗ್ರಾಂ ತುಂಬಬಹುದಾದ ಆರ್ಡುಯಿನೊ ನ್ಯಾನೊ ಬೋರ್ಡ್. ಇದನ್ನು ಮೊದಲ ಸಲ ಬಳಸುವವರಿಗೆ ಎರಡು ಮಾತು. ನ್ಯಾನೊದಿಂದ ಡಿಎಫ್‌ಪ್ಲೇಯರಿನ ಆರ್‌ಎಕ್ಸ್ (ಹುಕುಂ ಬಂದು ತಲುಪುವ) ಕಾಲಿಗೆ ಹೋಗುವ ವೈರಿನಲ್ಲಿ 1 ಕಿಲೋ ಓಮ್ ಹಾಕಿ, ಇಲ್ಲದಿದ್ದರೆ ಕಿವಿಯಲ್ಲಿ ಚಿರಿಚಿರಿ. ಕಾರ್ಡಿನಲ್ಲಿ 'ಎಂಪಿ3' ಅನ್ನೋ ಫೋಲ್ಡರ್ ಮಾಡಿ 0001, 0002 ಅಂತ ಹೆಸರಿಡಿ ಮತ್ತು ಆ ಫೋಲ್ಡರಿನ ಹೆಸರಿನಿಂದಲೇ ನುಡಿಸಿ. ಸುಮ್ನೆ ನಂಬರ್ ಹೇಳಿ ನುಡಿಸಿದರೆ ಫೈಲ್ ಕಾಪಿ ಮಾಡಿದ ಕ್ರಮವನ್ನು ಹಿಡಿಯುತ್ತದೆ. ಒಂದು ಸದ್ದು ಅಂದುಕೊಂಡಲ್ಲಿ ಇನ್ನೊಂದು ಬಂದರೆ ಪ್ರಯೋಗ ಹಾಳು. 5 ವೋಲ್ಟ್‌ಗೆ ವೋಲ್ಟ್ ಇಳಿಸುವ ಹಳೇ ಐಸಿ 7805 ಹಾಕಿದೆ. ಬಿಸಿಯಾಗುತ್ತದೆ ನಿಜ, ಆದರೆ ಸ್ವಿಚಿಂಗ್ ಕನ್ವರ್ಟರಿನ ಕೀರಲು ಸದ್ದು ಇಲ್ಲ. ಡಿಎಫ್‌ಪ್ಲೇಯರಿನ ಡಿಎಸಿ ಕಾಲಿನಿಂದ ಬರುವ ಸಿಗ್ನಲ್ ಟಿಡಿಎ2003ಕ್ಕೆ ವಿಪರೀತ ಜಾಸ್ತಿ. 10 ಕಿಲೋ ಮತ್ತು 220 ಓಮ್ ಡಿವೈಡರ್ ಹಾಕಿ ಇಳಿಸಿದೆ.

ಅಂಕಿ ತೋರಿಸಲು 2.3 ಇಂಚಿನ ದೊಡ್ಡ ಸೆವೆನ್ ಸೆಗ್ಮೆಂಟ್, ಅಂದರೆ ಏಳು ಗೆರೆಗಳಲ್ಲಿ ಅಂಕಿ ಮೂಡಿಸುವ ಡಿಸ್‌ಪ್ಲೇ. ಇದರ ಒಂದೊಂದು ಗೆರೆಯಲ್ಲೂ ಹಲವು ಎಲ್‌ಇಡಿ ಸಾಲಾಗಿರುತ್ತವೆ, 5 ವೋಲ್ಟ್‌ಗೆ ಹೊತ್ತಲ್ಲ. ಎಲ್ಲ ಗೆರೆಗಳ ಪಾಸಿಟಿವ್ ಸೇರುವ ಕಾಮನ್ ಆನೋಡಿಗೆ ಬ್ಯಾಟರಿಯ 12 ವೋಲ್ಟ್ ನೇರ ಕೊಟ್ಟು, ಕೆಳಗೆ ಗೆರೆಗಳನ್ನು ಹೊತ್ತಿಸಿ ಆರಿಸಲು ಯುಎಲ್‌ಎನ್2003. ಆ ಐಸಿಯಲ್ಲಿ ಇರೋದು ಏಳೇ ಚಾನೆಲ್, ಅಂಕಿಗೆ ಬೇಕಾದ್ದೂ ಏಳೇ ಗೆರೆ. ಹೇಳಿ ಮಾಡಿಸಿದ ಜೋಡಿ.

ಮೌನವೂ ಒಂದು ಫೈಲ್

ನಾಲ್ಕು ಸದ್ದು ಆರಿಸಿದೆವು. ಅ: ಮೌನ. ಬ: ಮಳೆ. ಕ: ಕೊಳಲು. ಡ: ಕನ್ನಡ ಮಾತಿರುವ ಸಿನಿಮಾ ಹಾಡುಗಳು. ಯಾಕೆ ಈ ನಾಲ್ಕೇ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1993ರಲ್ಲಿ ಫ್ರಾನ್ಸಿಸ್ ರೌಷರ್, ಗೋರ್ಡನ್ ಷಾ, ಕ್ಯಾಥರೀನ್ ಕೈ ಎಂಬ ಮೂವರು 'ನೇಚರ್' ಪತ್ರಿಕೆಯಲ್ಲಿ ಪುಟ್ಟ ವರದಿ ಬರೆದರು. 36 ಕಾಲೇಜು ವಿದ್ಯಾರ್ಥಿಗಳು. ಹತ್ತು ನಿಮಿಷ ಮೊಜಾರ್ಟನ ಎರಡು ಪಿಯಾನೊಗಳ ಸೊನಾಟಾ ಕೇಳಿದ ಮೇಲೆ, ಕಾಗದ ಮಡಿಸಿ ಕತ್ತರಿಸಿದರೆ ಹೇಗೆ ಕಾಣುತ್ತದೆ ಅನ್ನೋ ಥರದ ಪ್ರಶ್ನೆಗಳಲ್ಲಿ, ಮೌನವಾಗಿ ಕೂತಾಗಿನದಕ್ಕಿಂತ ಚೆನ್ನಾಗಿ ಮಾಡಿದರು. ವ್ಯತ್ಯಾಸವನ್ನು ಐಕ್ಯೂ ಲೆಕ್ಕಕ್ಕೆ ತಂದರೆ 8-9 ಅಂಕ. ಅದು ಉಳಿದದ್ದು 10-15 ನಿಮಿಷ ಮಾತ್ರ ಅಂತ ಅವರೇ ಬರೆದಿದ್ದರು. ಆ ಸಾಲು ಯಾರಿಗೂ ಬೇಕಾಗಲಿಲ್ಲ. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್, ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಸಿಡಿ ಕೊಡಲು 1,05,000 ಡಾಲರ್ ಕೇಳಿದರು. ಮಗುವಿನ ಬುದ್ಧಿ ಬೆಳೆಸುವ ಸಂಗೀತ ಅಂತ ಇವತ್ತಿಗೂ ಮಾರುತ್ತಾರಲ್ಲ, ಅದರ ಬೇರು ಇಲ್ಲಿದೆ.

2001ರಲ್ಲಿ ಥಾಂಪ್ಸನ್, ಷೆಲೆನ್‌ಬರ್ಗ್, ಹುಸೇನ್ ಇದನ್ನು ಚೆನ್ನಾಗಿ ಬಿಡಿಸಿದರು. ಒಂದು ಗುಂಪಿಗೆ ಚುರುಕಾದ ಮೊಜಾರ್ಟ್, ಇನ್ನೊಂದಕ್ಕೆ ನಿಧಾನದ, ದುಃಖದ ಅಡಾಜಿಯೊ. ಮೊಜಾರ್ಟ್ ಕೇಳಿದವರು ಮೌನಕ್ಕಿಂತ ಮುಂದೆ ಹೋದರು, ಅಡಾಜಿಯೊದವರು ಹೋಗಲಿಲ್ಲ. ಮನಸ್ಸಿನ ಉಲ್ಲಾಸ, ಎಚ್ಚರ ಇವನ್ನು ಲೆಕ್ಕಕ್ಕೆ ಹಿಡಿದರೆ ಮೊಜಾರ್ಟಿನ ಲಾಭ ಮಾಯ. ಷೆಲೆನ್‌ಬರ್ಗ್ ಇದಕ್ಕೆ ಎರಡು ವರ್ಷ ಮೊದಲು ಇನ್ನೂ ತಮಾಷೆಯ ಕೆಲಸ ಮಾಡಿದ್ದರು. ಸಂಗೀತದ ಬದಲು ಕಥೆ ಓದಿ ಕೇಳಿಸಿದರು. ಕಥೆ ಇಷ್ಟಪಟ್ಟವರು ಕಥೆಯ ನಂತರ ಚೆನ್ನಾಗಿ ಮಾಡಿದರು. ಅಂದರೆ ಪರೀಕ್ಷೆಗೆ ಮುಂಚೆ ಮನಸ್ಸು ಹಗುರಾಗಿ ಎಚ್ಚರವಾಗಿದ್ದರೆ ಒಳ್ಳೇದು, ಅದಕ್ಕೆ ಮೊಜಾರ್ಟೇ ಆಗಬೇಕಿಲ್ಲ, ಒಂದು ಲೋಟ ಕಾಫಿಯೂ ಆದೀತು ಅಂತ ನನ್ನ ಅನಿಸಿಕೆ. 2010ರಲ್ಲಿ ವಿಯೆನ್ನಾದವರು ಸುಮಾರು 40 ಅಧ್ಯಯನ, 3000ಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟುಗೂಡಿಸಿ ನೋಡಿದಾಗಲೂ ಮೊಜಾರ್ಟಿಗೇ ವಿಶೇಷ ಅನ್ನುವಂಥದ್ದು ಏನೂ ಉಳಿಯಲಿಲ್ಲ.

ಆದರೆ ಇದೆಲ್ಲ ಪರೀಕ್ಷೆಗೆ ಮೊದಲು ಕೇಳುವ ಮಾತು. ನಮ್ಮ ಹುಡುಗಿಯ ಪ್ರಶ್ನೆ ಓದುತ್ತಾ ಇರುವಾಗಲೇ ಕೇಳೋದು. ಎರಡನ್ನೂ ಒಂದೇ ಗಂಟು ಕಟ್ಟಿ 'ಸಂಗೀತದಿಂದ ಏಕಾಗ್ರತೆ' ಅಂತ ಬರೆಯುವವರೇ ಜಾಸ್ತಿ, ಅಲ್ವಾ? ಓದುವಾಗಿನ ಸದ್ದಿನ ಕಥೆಯೇ ಬೇರೆ. 1976ರಲ್ಲಿ ಕೋಲ್ ಮತ್ತು ವೆಲ್ಶ್ ಇಂಗ್ಲಿಷ್ ಮಾತನಾಡುವವರಿಗೆ ಅಕ್ಷರಗಳ ಸಾಲು ನೆನಪಿಡಲು ಕೊಟ್ಟು, ಹಿನ್ನೆಲೆಯಲ್ಲಿ ಜರ್ಮನ್ ಓದಿಸಿದರು. ಅರ್ಥವಾಗದ ಭಾಷೆ, ಲಕ್ಷ್ಯ ಕೊಡಬೇಡಿ ಅಂತ ಹೇಳಿದ್ದಾರೆ, ಆದರೂ ತಪ್ಪು ಹೆಚ್ಚಾಯಿತು. ಆಮೇಲೆ 1989ರಲ್ಲಿ ಸಲಾಮೆ ಮತ್ತು ಬ್ಯಾಡ್ಲಿ, ಬರೀ ವಾದ್ಯಕ್ಕಿಂತ ಹಾಡುಗಾರಿಕೆ ಜಾಸ್ತಿ ಕೆಡಿಸುತ್ತದೆ ಅಂತ ತೋರಿಸಿದರು. ಕಾರಣ ಏನು ಅನ್ನೋದರಲ್ಲಿ ಜಗಳ ಇದೆ, ಆದರೆ ಒಂದು ಮಾತು ಚೆನ್ನಾಗಿ ನಿಂತಿದೆ: ಕ್ಷಣಕ್ಷಣಕ್ಕೂ ಬದಲಾಗುವ ಸದ್ದು, ಕ್ರಮ ನೆನಪಿಡುವ ಕೆಲಸವನ್ನು ಕೆಡಿಸುತ್ತದೆ. ಒಂದೇ ಸಮನೆ ಇರುವ ಸದ್ದು ಅಷ್ಟಾಗಿ ಕೆಡಿಸಲ್ಲ.

ಇದನ್ನು ಓದಿದಾಗಲೇ ನನಗೆ ಮಳೆ ಹೊಳೆದದ್ದು. ಆಷಾಢದಲ್ಲಿ ತಗಡಿನ ಮಾಡಿನ ಕೆಳಗೆ ಓದಿ ಬೆಳೆದವರು ನಾವು. ಸದ್ದು ಎಷ್ಟು ಜೋರು ಅಂದರೆ ಎದುರಿಗೆ ಕೂತವರ ಮಾತು ಕೇಳಲ್ಲ. ಆದರೂ ಓದು ನಡೆಯುತ್ತಿತ್ತು. ಅದೇ ಮಾರ್ಚ್‌ನಲ್ಲಿ, ಸರಿಯಾಗಿ ಪರೀಕ್ಷೆ ಹೊತ್ತಿಗೆ, ಎರಡು ಗುಡ್ಡದಾಚೆ ಯಕ್ಷಗಾನದ ಮೈಕ್ ಕಟ್ಟಿದರೆ ಮುಗೀತು. ಸದ್ದು ಸಣ್ಣದೇ, ಆದರೆ ಭಾಗವತರು ಏರಿಸುತ್ತಾರೆ, ಇಳಿಸುತ್ತಾರೆ, ಚಂಡೆ ನಿಲ್ಲುತ್ತದೆ, ಮತ್ತೆ ಹೊಡೆಯುತ್ತದೆ. ಪುಸ್ತಕದ ಮೇಲೆ ಕಣ್ಣು, ಕಿವಿ ಗುಡ್ಡದಾಚೆ. ಜೋರಿಗಿಂತ ಬದಲಾವಣೆಯೇ ಕೆಡಿಸೋದು ಅನ್ನೋದನ್ನು ಮಲೆನಾಡಿನಲ್ಲಿ ಅಳೆದು ನೋಡಲು ಇದಕ್ಕಿಂತ ಒಳ್ಳೆ ಜೋಡಿ ಯಾವುದಿದೆ?

ಮಳೆಯನ್ನು ಮನೆಯ ಉಪ್ಪರಿಗೆಯಲ್ಲೇ ರೆಕಾರ್ಡ್ ಮಾಡಿದೆ. ಗಾಳಿ ಬೀಸಿ ಮಳೆ ಏರಿಳಿದ ಕಡೆ, ಗುಡುಗು, ನಾಯಿ ಬೊಗಳಿದ್ದು ಎಲ್ಲ ಕತ್ತರಿಸಿ ಸಮನಾದ ತುಂಡು ಇಟ್ಟುಕೊಂಡೆ. ಕೊಳಲಿಗೆ ಯಾವುದೇ ಪರಿಚಿತ ಹಾಡಿನ ಟ್ಯೂನ್ ಬೇಡ ಅಂದೆ. ಟ್ಯೂನ್ ಗೊತ್ತಿದ್ದರೆ ಮಾತು ತಲೆಯೊಳಗೇ ಶುರುವಾಗುತ್ತದೆ, ಆಗ ಅದು ಕೊಳಲಾಗಿ ಉಳಿಯಲ್ಲ. ಹಾಡುಗಳನ್ನು ಆರಿಸಿದ್ದು ಅವಳೇ, ಗೆಳತಿಯರಿಗೆಲ್ಲ ಇಷ್ಟವಾದವು. ಮೂರನ್ನೂ ಆಡಾಸಿಟಿ ಅನ್ನೋ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ ಲೌಡ್‌ನೆಸ್ ನಾರ್ಮಲೈಸೇಷನ್ ಹಾಕಿ −23 ಎಲ್‌ಯುಎಫ್‌ಎಸ್‌ಗೆ, ಅಂದರೆ ಕಿವಿಗೆ ಒಂದೇ ಜೋರು ಅನಿಸುವ ಮಟ್ಟಕ್ಕೆ ತಂದೆ. ಸಿನಿಮಾ ಹಾಡನ್ನು ಎತ್ತರಕ್ಕೆ ಒತ್ತಿ ಮಾಡಿರುತ್ತಾರೆ, ಹಾಗೇ ಬಿಟ್ಟರೆ ಕೊಳಲಿನ ಪಕ್ಕದಲ್ಲಿ ಕಿರುಚುತ್ತದೆ. ಆಮೇಲೆ 'ಹಾಡು ಕೆಡಿಸಿತು' ಅಂದರೆ ಮಾತು ಕೆಡಿಸಿತೋ ಜೋರು ಕೆಡಿಸಿತೋ ಗೊತ್ತಾಗಲ್ಲ.

ಮೌನಕ್ಕೆ ಪೆಟ್ಟಿಗೆ ಆಫ್ ಮಾಡಿದರಾಯ್ತು ಅಂತ ಅನಿಸುತ್ತದೆ. ಹಾಗಲ್ಲ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿದರೇ ಹೊರಗಿನ ಸದ್ದು ಕಡಿಮೆಯಾಗುತ್ತದೆ, ಕಿವಿ ಬೆಚ್ಚಗಾಗುತ್ತದೆ, ತಲೆ ಬಿಗಿಯುತ್ತದೆ. ಆದ್ದರಿಂದ ಮೌನದಲ್ಲೂ ಹೆಡ್‌ಫೋನ್ ತಲೆ ಮೇಲೆ ಇರಬೇಕು, ಪೆಟ್ಟಿಗೆ ಆನ್ ಇರಬೇಕು, ಆ ಸಣ್ಣ ಸುಯ್ ಇರಬೇಕು. ಮೌನಕ್ಕೂ ಒಂದು ಎಂಪಿ3 ಫೈಲ್ ಮಾಡಿದೆ. ಐದಾರು ನಿಮಿಷದ ಸೊನ್ನೆ. ಡಿಎಫ್‌ಪ್ಲೇಯರ್ ಅದನ್ನು ನಿಷ್ಠೆಯಿಂದ ನುಡಿಸುತ್ತದೆ.

ಟಿಕ್

ಎಲ್ಲ ಜೋಡಿಸಿ, ಮೌನದ ಫೈಲ್ ಹಾಕಿ ಕೂತಾಗ ಕಿವಿಯಲ್ಲಿ ಟಿಕ್. ಸೆಕೆಂಡಿಗೊಂದು ಟಿಕ್. ಪ್ರತಿ ಅಂಕಿ ಹೊತ್ತಿದಾಗ ಒಂದು, ಆರಿದಾಗ ಇನ್ನೂ ಸಣ್ಣದೊಂದು. 8 ಅಂಕಿಗೆ ಜಾಸ್ತಿ, 1ಕ್ಕೆ ಕಡಿಮೆ! ಅಂಕಿ 8ಕ್ಕೆ ಏಳೂ ಗೆರೆ ಹೊತ್ತುತ್ತವೆ, 1ಕ್ಕೆ ಎರಡೇ. ಎಲ್‌ಇಡಿಯ ಕರೆಂಟ್ ಗ್ರೌಂಡ್ ವೈರಿನಲ್ಲಿ ಹೋಗುವಾಗ ಆಂಪ್ಲಿಫೈಯರಿನ ಗ್ರೌಂಡನ್ನು ಒಂದಿಷ್ಟು ಅಲುಗಾಡಿಸುತ್ತಿತ್ತು.

ಇದನ್ನು ರಿಪೇರಿಯವನಾಗಿ ನೋಡಿದರೆ ಚಿಲ್ಲರೆ ತೊಂದರೆ, ಹಾಡು ಹಾಕಿದರೆ ಕೇಳಿಸುವುದೇ ಇಲ್ಲ. ಪ್ರಯೋಗದ ಕಣ್ಣಿನಲ್ಲಿ ನೋಡಿ. ಹಾಡಿನಲ್ಲಿ ಮುಚ್ಚಿಹೋಗುತ್ತದೆ, ಮಳೆಯಲ್ಲಿ ಮುಚ್ಚಿಹೋಗುತ್ತದೆ, ಮೌನದಲ್ಲಿ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಅಂದರೆ ನಾಲ್ಕು ಸ್ಥಿತಿಗಳಲ್ಲಿ ಒಂದೇ ಒಂದಕ್ಕೆ ಗಡಿಯಾರ ಸಿಕ್ಕಂತಾಯ್ತು. ಅದು ತಾಳ ಹಾಕಿ ನೆನಪಿಡಲು ಸಹಾಯ ಮಾಡಬಹುದು, ಅಥವಾ ಕಿರಿಕಿರಿ ಮಾಡಬಹುದು. ಯಾವುದಾದರೂ ಸರಿ, ಆಮೇಲೆ ಮೌನಕ್ಕೂ ಹಾಡಿಗೂ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಹಾಡಿನದು, ಎಷ್ಟು ಟಿಕ್‌ನದು ಅಂತ ಬೇರೆ ಮಾಡೋಕಾಗಲ್ಲ. ಪುಸ್ತಕದಲ್ಲಿ ಇದಕ್ಕೆ ದೊಡ್ಡ ಹೆಸರೆಲ್ಲ ಇದೆ. ನನಗೆ ಅದು ಬೆಸುಗೆಯ ಸಮಸ್ಯೆಯಾಗಿ ಕಾಣಿಸಿತು.

ಹಳೇ ಪೆಟ್ಟಿಗೆಯ ಗ್ರೌಂಡ್ ಒಂದೇ ತೆಳು ವೈರು. ಒಂದು ಸಾಕೆಟ್ಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ಬೋರ್ಡಿಗೆ, ಅಲ್ಲಿಂದ ಸಪ್ಲೈಗೆ ಸರಪಳಿ. ಎಲ್ಲ ಕತ್ತರಿಸಿ ಹಾಕಿದೆ. ಬ್ಯಾಟರಿಯ ನೆಗೆಟಿವ್‌ನಲ್ಲಿ ಒಂದು ಬೋಲ್ಟ್. ಅಲ್ಲಿಂದ ಆಂಪ್ಲಿಫೈಯರಿಗೆ ಒಂದು ದಪ್ಪ ವೈರು, ಯುಎಲ್‌ಎನ್‌ಗೆ ಬೇರೆ ವೈರು, ನ್ಯಾನೊ ಮತ್ತು ಡಿಎಫ್‌ಪ್ಲೇಯರಿಗೆ ಮತ್ತೊಂದು. ಯಾರ ಕರೆಂಟೂ ಇನ್ನೊಬ್ಬರ ದಾರಿಯಲ್ಲಿ ಹೋಗಕೂಡದು. ಟಿಕ್ ಬಹುಪಾಲು ಹೋಯಿತು. ಉಳಿದದ್ದು ಪಾಸಿಟಿವ್ ಕಡೆಯಿಂದ ಬರುತ್ತಿತ್ತು. ಆಂಪ್ಲಿಫೈಯರಿನ ಕಾಲ ಬುಡದಲ್ಲೇ 1000 ಮೈಕ್ರೋಫ್ಯಾರಡ್ ಮತ್ತು ಅದಕ್ಕೆ ಜೊತೆಯಾಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ಡಿಸ್‌ಪ್ಲೇಗೆ ಹೋಗುವ ವೈರನ್ನು ಫ್ಯೂಸಿನ ಪಕ್ಕದಿಂದಲೇ ಬೇರೆ ತೆಗೆದೆ. ರಾತ್ರಿ ಎಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ, ಅಂಕಿ ಯಾವಾಗ ಬದಲಾಯಿತು ಅಂತ ಹೇಳೋಕಾಗುತ್ತಾ ನೋಡಿದೆ. ಅವಳನ್ನೂ ಕೂರಿಸಿದೆ, ಅವಳ ಕಿವಿ ನನ್ನದಕ್ಕಿಂತ ಚುರುಕು. ಇಬ್ಬರಿಗೂ ಆಗಲಿಲ್ಲ. ಅಲ್ಲಿಗೆ ಪೆಟ್ಟಿಗೆ ತಯಾರು.

ಕೂರಿಸಿದ್ದು

ಎಂಟು ಅಂಕಿ ಯಾಕೆ ಅಂದರೆ ಆರು ಕೊಟ್ಟರೆ ಎಲ್ಲರೂ ಪೂರ್ತಿ ಸರಿ ಬರೆಯುತ್ತಾರೆ, ಹತ್ತು ಕೊಟ್ಟರೆ ಎಲ್ಲರೂ ಕೈ ಚೆಲ್ಲುತ್ತಾರೆ. ಎರಡರಲ್ಲೂ ವ್ಯತ್ಯಾಸ ಕಾಣಲ್ಲ. ಅಂಕಿ ತೋರಿಸಲು 8 ಸೆಕೆಂಡ್, ಕಾಯಲು 10, ಬರೆಯಲು 15. ಹತ್ತು ಸಾಲಿಗೆ ಐದೂವರೆ ನಿಮಿಷ. ನಾಲ್ಕು ಸದ್ದು, ನಡುವೆ ವಿರಾಮ. ಒಬ್ಬರು ಮುಕ್ಕಾಲು ಗಂಟೆಯೊಳಗೆ ಎದ್ದು ಹೋಗಬಹುದು. ಸಾಲಿನೊಳಗೆ ಒಂದೇ ಅಂಕಿ ಎರಡು ಸಲ ಬರದಂತೆ, 3-4-5 ಥರ ಏಣಿ ಆಗದಂತೆ ಮೊದಲೇ ಪಟ್ಟಿ ಮಾಡಿ ನ್ಯಾನೊದಲ್ಲಿ ತುಂಬಿದ್ದೆ. ಸರಿಯಾದ ಅಂಕಿ ಸರಿಯಾದ ಜಾಗದಲ್ಲಿದ್ದರೆ ಮಾತ್ರ ಒಂದು ಮಾರ್ಕ್.

ಎಲ್ಲರಿಗೂ ಮೊದಲು ಮೌನ, ಕೊನೆಗೆ ಹಾಡು ಅಂತ ಕೊಟ್ಟರೆ ಮೋಸವಾಗುತ್ತದೆ. ಮೊದಲು ಕೈ ಪಳಗಿರಲ್ಲ, ಕೊನೆಗೆ ಸುಸ್ತು. ಅದಕ್ಕೆ ನಾಲ್ಕು ಕ್ರಮ: ಅಬಡಕ, ಬಕಅಡ, ಕಡಬಅ, ಡಅಕಬ. ಬರೆದು ನೋಡಿ, ಪ್ರತಿ ಸದ್ದೂ ಪ್ರತಿ ಸ್ಥಾನದಲ್ಲಿ ಒಂದೊಂದು ಸಲ ಬರುತ್ತದೆ, ಅಷ್ಟೇ ಅಲ್ಲದೆ ಪ್ರತಿ ಸದ್ದಿನ ಹಿಂದೆ ಬೇರೆ ಮೂರೂ ಒಂದೊಂದು ಸಲ ಬರುತ್ತವೆ. ಪೆಟ್ಟಿಗೆ ಒಂದು ಹೊತ್ತಿಗೆ ಒಂದೇ ಸದ್ದು ನುಡಿಸೋದರಿಂದ, ಇಬ್ಬಿಬ್ಬರನ್ನು ಒಂದೊಂದು ಕ್ರಮಕ್ಕೆ ಕೂರಿಸಿದೆವು. ಎಂಟು ಸಾಕೆಟ್ ಇದ್ದೂ ಇಬ್ಬರೇ ಅಂತ ಅವಳಿಗೆ ಬೇಜಾರು. ಕಾಲೇಜಿನಲ್ಲಿ ಮೂವತ್ತೆರಡು ಜನ ಸಿಕ್ಕಿದಾಗ ಎಂಟೂ ಬಳಸು ಅಂದೆ.

ಬಂದವರು ಅವಳ ಗೆಳತಿಯರು, ಅಕ್ಕಪಕ್ಕದ ಮನೆಯ ಹುಡುಗರು, ಅವಳೂ ಸೇರಿ ಒಟ್ಟು ಎಂಟು ಜನ. ಮನೆಯವರನ್ನು ಕೇಳಿಯೇ ಕರೆದದ್ದು, ಬೇಡ ಅನಿಸಿದರೆ ಮಧ್ಯದಲ್ಲೇ ಏಳಬಹುದು ಅಂತಲೂ ಹೇಳಿತ್ತು. ಮಳೆ ಇಲ್ಲದ ದಿನ ನೋಡಿಯೇ ಕೂರಿಸಿದ್ದು, ಇಲ್ಲದಿದ್ದರೆ ಮೌನದ ಫೈಲಿಗೆ ಮಾಡಿನ ಮಳೆ ಸೇರಿಕೊಳ್ಳುತ್ತದೆ. ಹಾಳೆಗಳ ಹಿಂದೆ ಗುರುತು ಮಾತ್ರ ಹಾಕಿ, ಕಲಸಿ, ಯಾವುದು ಯಾವ ಸದ್ದಿನದು ಅಂತ ತಿಳಿಯದೆ ಅವಳು ಮಾರ್ಕ್ಸ್ ಹಾಕಿದಳು.

ಹಾಳೆ ಬಿಚ್ಚುವ ಮೊದಲೇ ನಿಯಮ ಬರೆದು ಗೋಡೆಗೆ ಅಂಟಿಸಿದ್ದೆವು. ಸದ್ದಿಗೂ ನೆನಪಿಗೂ ಸಂಬಂಧವೇ ಇಲ್ಲ ಅಂದುಕೊಳ್ಳೋಣ. ಆಗ ಒಬ್ಬೊಬ್ಬರಿಗೂ ಮೌನಕ್ಕಿಂತ ಕಡಿಮೆ ಬರೋದು, ಜಾಸ್ತಿ ಬರೋದು ನಾಣ್ಯ ಎಸೆದ ಹಾಗೆ. ಎಂಟು ಜನಕ್ಕೂ ಕಡಿಮೆಯೇ ಬರುವ ಸಾಧ್ಯತೆ 256ರಲ್ಲಿ 1. ಏಳು ಅಥವಾ ಅದಕ್ಕಿಂತ ಹೆಚ್ಚು ಜನಕ್ಕೆ ಕಡಿಮೆ ಬರೋದು 256ರಲ್ಲಿ 9, ಅಂದರೆ ಶೇಕಡಾ ಮೂರೂವರೆ. ಸಾಲದೇ ಅನಿಸಬಹುದು, ಆದರೆ ನಾವು ಮಳೆ, ಕೊಳಲು, ಹಾಡು ಅಂತ ಮೂರು ಸಲ ಹೋಲಿಸುತ್ತೇವೆ. ಮೂರರಲ್ಲಿ ಒಂದಾದರೂ ಸುಮ್ನೆ ಅದೃಷ್ಟದಿಂದ ಹಾಗೆ ಬೀಳುವ ಸಾಧ್ಯತೆ ಶೇಕಡಾ ಹತ್ತರ ಹತ್ತಿರ ಹೋಗುತ್ತದೆ. ಆದ್ದರಿಂದ ಎಂಟಕ್ಕೆ ಎಂಟು ಬಂದರೆ 'ಹೌದು', ಏಳು ಬಂದರೆ 'ಇರಬಹುದು', ಅದಕ್ಕಿಂತ ಕಡಿಮೆ ಬಂದರೆ 'ಹೇಳೋಕಾಗಲ್ಲ'.

ಮಳೆ: ಹೇಳೋಕಾಗಲ್ಲ, ಮೌನಕ್ಕೂ ಅದಕ್ಕೂ ಅಷ್ಟಿಷ್ಟೇ. ಕೊಳಲು: ಹೇಳೋಕಾಗಲ್ಲ, ಒಬ್ಬರದು ಮೇಲೆ ಇನ್ನೊಬ್ಬರದು ಕೆಳಗೆ. ಮಾತಿನ ಹಾಡು: ಇರಬಹುದು. ಕಡಿಮೆ ಬಂದವರ ಸಾಲಿನಲ್ಲಿ ನಮ್ಮ ಹುಡುಗಿಯೂ ಇದ್ದಳು.

'ಆದ್ರೆ ಹಾಡು ಬರೋವಾಗ್ಲೇ ಚೆನ್ನಾಗಿ ಬರೀತಿದೀನಿ ಅನ್ನಿಸ್ತಿತ್ತಲ್ಲ ಮಾವ?' ಅಂದಳು. ನನಗೆ ಇಡೀ ಪ್ರಾಜೆಕ್ಟಿನಲ್ಲಿ ಹಿಡಿಸಿದ್ದು ಇದೇ ಮಾತು. ಪ್ರತಿ ಸದ್ದು ಮುಗಿದ ಮೇಲೆ 'ಎಷ್ಟು ಚೆನ್ನಾಗಿ ಮಾಡಿದೆ ಅನಿಸುತ್ತೆ?' ಅಂತ ಒಂದು ಸಾಲು ಬರೆಸಿದ್ದೆವು. ಹಾಡಿನ ಹಾಳೆಯಲ್ಲೇ ಉಳಿದವಕ್ಕಿಂತ ಹೆಚ್ಚು ಭರವಸೆಯ ಉತ್ತರ. ಮನಸ್ಸಿಗೆ ಹಿತವಾದದ್ದನ್ನು ಕೆಲಸ ಚೆನ್ನಾಗಿ ಆದದ್ದು ಅಂತ ಓದಿಕೊಳ್ಳುತ್ತೇವೆ. 2011ರಲ್ಲಿ ಪೆರ್ಹಮ್ ಮತ್ತು ವಿಝಾರ್ಡ್ ಇದನ್ನೇ ಎದುರಿಗಿಟ್ಟು ನೋಡಿದ್ದರು. ಇಷ್ಟದ ಸಂಗೀತ, ಇಷ್ಟವಿಲ್ಲದ ಸಂಗೀತ ಎರಡೂ ಕ್ರಮ ನೆನಪಿಡುವ ಕೆಲಸವನ್ನು ಒಂದೇ ರೀತಿ ಕೆಡಿಸಿದವು. ಒಂದೇ ಪದವನ್ನು ಮತ್ತೆ ಮತ್ತೆ ಹೇಳುವ ಬದಲಾಗದ ಸದ್ದು ಮೌನದಷ್ಟೇ ನಿರುಪದ್ರವಿ.

ಅಕ್ಕ ಇದನ್ನು ಕೇಳಿ ಖುಷಿಯಾಗಿ ಇಯರ್‌ಫೋನ್ ಕಿತ್ತುಕೊಳ್ಳಲು ಹೊರಟಳು. ಅಷ್ಟು ದೂರ ಹೋಗಬೇಡ ಅಂದೆ. ನಾವು ಅಳೆದದ್ದು ಅಂಕಿಗಳ ಕ್ರಮ ನೆನಪಿಡೋದನ್ನು ಮಾತ್ರ. ರೆಕಾರ್ಡ್ ಬುಕ್ ಬರೆಯುವಾಗ, ಚಿತ್ರ ಬಿಡಿಸುವಾಗ, ಗೊತ್ತಿರುವ ಲೆಕ್ಕವನ್ನೇ ಮತ್ತೆ ಮತ್ತೆ ಮಾಡುವಾಗ ಬೇಕಾಗಿರೋದು ಬೇಸರ ಕಳೆಯುವ ಏನೋ ಒಂದು, ಅಲ್ಲಿ ಹಾಡಿದ್ದರೆ ಕೂತಲ್ಲಿಂದ ಏಳದೆ ಮುಗಿಸುತ್ತಾಳೆ. 2011ರಲ್ಲೇ ಜರ್ಮನಿಯ ಕೆಂಪ್ಫೆ ಮತ್ತು ಜೊತೆಗಾರರು ಹಿನ್ನೆಲೆ ಸಂಗೀತದ ಅಧ್ಯಯನಗಳನ್ನೆಲ್ಲ ಕೂಡಿಸಿದಾಗ ಒಟ್ಟು ಪರಿಣಾಮ ಸೊನ್ನೆಯ ಹತ್ತಿರ ಬಂತು. ಏನೂ ಆಗಲ್ಲ ಅಂತ ಅದರ ಅರ್ಥವಲ್ಲ. ಓದಿನಲ್ಲಿ ಕೆಡಿಸುತ್ತದೆ, ಮನಸ್ಸಿನ ಸ್ಥಿತಿಗೆ ಮತ್ತು ಆಟೋಟಕ್ಕೆ ಒಳ್ಳೇದು ಮಾಡುತ್ತದೆ, ಕೂಡಿಸಿದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಇನ್ನೊಂದು ವಿಷಯ, ಪರೀಕ್ಷಾ ಹಾಲಿನಲ್ಲಿ ಹಾಡಿರಲ್ಲ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಮುಳುಗುಗಾರರಿಗೆ ನೀರೊಳಗೆ ಪದಗಳನ್ನು ಕಲಿಸಿದಾಗ, ದಡದಲ್ಲಿ ಕೇಳುವುದಕ್ಕಿಂತ ನೀರೊಳಗೇ ಕೇಳಿದರೆ ಚೆನ್ನಾಗಿ ನೆನಪಾಗುತ್ತಿತ್ತು. ಕಲಿತ ಜಾಗವೂ ನೆನಪಿನ ಭಾಗ. ಹಾಗಾಗಿ ಬಾಯಿಪಾಠ ಮಾಡುವುದನ್ನು ಹಾಡಿಲ್ಲದೆ ಮಾಡು, ಉಳಿದದ್ದಕ್ಕೆ ನಿನ್ನಿಷ್ಟ ಅಂತ ತೀರ್ಮಾನವಾಯಿತು. ಅಕ್ಕನಿಗೆ ಪೂರ್ತಿ ಒಪ್ಪಿಗೆಯಿಲ್ಲ.

ಪೆಟ್ಟಿಗೆ ಈಗ ಅವಳ ಕಾಲೇಜಿಗೆ ಹೋಗುತ್ತಿದೆ. ಮುಂದಿನ ಸುತ್ತಿಗೆ ಅಂಕಿಗಳ ಬದಲು ಒಂದು ಪುಟ ಓದಿ ಉತ್ತರ ಬರೆಯುವ ಪರೀಕ್ಷೆ ಇಡಬೇಕು ಅಂತ ಅವಳ ಆಸೆ, ಅದಕ್ಕೆ ಡಿಸ್‌ಪ್ಲೇ ಬೇಕಿಲ್ಲ, ಪ್ಲಗ್ ಕಿತ್ತರಾಯಿತು. ನೀವು ಕಟ್ಟುವುದಾದರೆ: ಹೆಡ್‌ಫೋನ್ 16 ಓಮ್‌ನದಾದರೆ ರೆಸಿಸ್ಟರ್ ಬದಲಿಸದೆಯೇ ಮೊದಲು ಕೇಳಿ ನೋಡಿ, ಸದ್ದು ಸಣ್ಣದಾದರೆ 100 ಓಮ್‌ಗೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. ಬ್ಯಾಟರಿ 10.5 ವೋಲ್ಟ್‌ಗಿಂತ ಕೆಳಗೆ ಹೋಗಲು ಬಿಡಬೇಡಿ. ಪೆಟ್ಟಿಗೆ ಆನ್ ಮಾಡಿದಾಗ ದಪ್ ಅನ್ನುತ್ತದೆ, ಆದ್ದರಿಂದ ಆನ್ ಆದ ಮೇಲೇ ಹೆಡ್‌ಫೋನ್ ಕಿವಿಗೆ. ಸಿಲಿಕಾ ಜೆಲ್ ಪೊಟ್ಟಣ ಒಳಗಿಟ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ.